ನಿನಗೆ ಲೆಕ್ಕ ಬರುತ್ತೆ, ಜನ ಬರಲ್ಲ

ಪ್ರಶ್ನೆ: ಮೇಡಂ, ನನಗೆ 31 ವರ್ಷ. ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಮಂಡಿಯಲ್ಲಿ ಗುಮಾಸ್ತ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಲ್ಲ, ಆದರೆ ಜನರ ಹತ್ತಿರ ಯಾವಾಗಲೂ ಎಡವುತ್ತೇನೆ. ಹೋದ ದೀಪಾವಳಿ ಆಜುಬಾಜು ಜಗಳೂರು ಕಡೆಯ ರೈತರೊಬ್ಬರು ಮೆಕ್ಕೆಜೋಳ ತಂದಿದ್ದರು. ಹಳೇ ಪರಿಚಯ. ನಾಲ್ಕು ಜನರ ಮುಂದೆ "ಯಜಮಾನ್ರೇ, ಮಗಳ ಮದುವೆ ಊಟ ಯಾವಾಗ?" ಅಂದೆ. ನಿಶ್ಚಿತಾರ್ಥ ಮುರಿದು ಹದಿನೈದು ದಿನ ಆಗಿತ್ತಂತೆ. ಅವರು ಏನೂ ಅನ್ನಲಿಲ್ಲ, ದುಡ್ಡು ಎಣಿಸಿಕೊಂಡು ಹೋದರು. ನಮ್ಮ ಸಾವ್ಕಾರ್ರು "ನಿನಗೆ ಲೆಕ್ಕ ಬರುತ್ತೆ, ಜನ ಬರಲ್ಲ" ಅಂದರು. ಮನೆಯಲ್ಲಿ ಹೆಂಡತಿಯದೂ ಇದೇ ದೂರು. ಮುಖ ಸಪ್ಪಗಿದ್ದಾಗ ಏನಾಯ್ತು ಅಂತ ಕೇಳಿದರೆ "ಏನಿಲ್ಲ" ಅಂತಾಳೆ. ಸರಿ ಅಂತ ನಾನು ಸುಮ್ಮನಾದರೆ "ನಿಮಗೆ ಏನೂ ಗೊತ್ತಾಗಲ್ಲ" ಅಂತಾಳೆ. ಇದು ಹುಟ್ಟಿನಿಂದ ಬರುವುದಾ, ಕಲಿಯಬಹುದಾ? ಮುಖ, ಕೈ ನೋಡಿ ಮನಸ್ಸು ಓದುವುದನ್ನು ಕಲಿಸುವ ಆನ್‌ಲೈನ್ ಕೋರ್ಸ್ ಒಂದಿದೆ, ಸೇರಲಾ?

ಉತ್ತರ: ಮೊದಲು ಕೋರ್ಸಿನ ವಿಷಯ ಮುಗಿಸಿಬಿಡೋಣ. ಸೇರಬೇಡಿ. ಆ ದುಡ್ಡಲ್ಲಿ ಮನೆಯವರನ್ನು ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ತಿನ್ನಿ. ತಮಾಷೆಗೆ ಹೇಳುತ್ತಿಲ್ಲ, ಆ ದೋಸೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಥ ಕೋರ್ಸುಗಳಲ್ಲಿ, ವಿಡಿಯೊಗಳಲ್ಲಿ ಒಂದು ಲೆಕ್ಕ ತಪ್ಪದೆ ಬರುತ್ತೆ. ನಾವು ಹೇಳುವುದರಲ್ಲಿ ಮಾತಿನ ಪಾಲು ಶೇ 7 ಮಾತ್ರ, ದನಿಯದು 38, ಉಳಿದ 55 ಮುಖದ್ದು ಅಂತ. ಇದು ಬಂದದ್ದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ. ಅಲ್ಲಿ ಜನರಿಗೆ ಕೇಳಿಸಿದ್ದು ಒಂದೊಂದೇ ಬಿಡಿ ಪದ. ಅದನ್ನು ಹೇಳಿದವರಿಗೆ ಎದುರಿನವರು ಇಷ್ಟವೋ ಇಲ್ಲವೋ ಅಂತ ಊಹಿಸಬೇಕಿತ್ತು, ಅಷ್ಟೇ. ಎಲ್ಲ ಮಾತುಕತೆಗೂ ಇದನ್ನು ಎಳೆಯಬೇಡಿ ಅಂತ ಅವರೇ ಆಮೇಲೆ ಹೇಳಿದ್ದಾರೆ, ಯಾರೂ ಕೇಳಲಿಲ್ಲ. ನೀವು ಲೆಕ್ಕದವರು, ನೀವೇ ಯೋಚಿಸಿ. ಮಾತಿಗೆ ಶೇ 7ರ ಬೆಲೆ ಅಂದರೆ ಭಾಷೆಯೇ ಗೊತ್ತಿಲ್ಲದ ಊರಿಗೆ ಹೋಗಿ, ಬರೀ ಮುಖ ನೋಡಿಕೊಂಡು, ದನಿ ಕೇಳಿಕೊಂಡು, ನೂರಕ್ಕೆ 93 ಪಾಲು ವ್ಯಾಪಾರ ಮುಗಿಸಿ ಬರಬಹುದಿತ್ತು.

ಇನ್ನು ಕೈ ಕಟ್ಟಿ ನಿಂತವರು ಮನಸ್ಸು ಮುಚ್ಚಿಕೊಂಡಿದ್ದಾರೆ ಅನ್ನೋದು. ಡಿಸೆಂಬರಿನಲ್ಲಿ ಬೆಳಿಗ್ಗೆ ಆರೂವರೆಗೆ ನಿಮ್ಮ ಯಾರ್ಡಿನಲ್ಲಿ ಒಂದು ಸುತ್ತು ಬನ್ನಿ. ಎಲ್ಲರೂ ಕೈ ಕಟ್ಟಿಕೊಂಡೇ ನಿಂತಿರುತ್ತಾರೆ. ಚಳಿ ಕಣ್ರೀ. ಮುಖ ನೋಡಿ ಸುಳ್ಳು ಹಿಡಿಯಬಹುದು ಅನ್ನುವುದೂ ಹೀಗೇ. ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ 2006ರಲ್ಲಿ ಲೆಕ್ಕ ಮಾಡಿದರು. ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತೆ.

ಹುಟ್ಟಿನಿಂದ ಬರುವುದಾ ಅಂತ ಕೇಳಿದ್ದೀರಿ. ಪುಸ್ತಕದಲ್ಲಿ ಇದಕ್ಕೆ 'ಸಾಮಾಜಿಕ ಬುದ್ಧಿವಂತಿಕೆ' ಅಂತ ದೊಡ್ಡ ಹೆಸರು. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1920ರಲ್ಲೇ ಬುದ್ಧಿಯನ್ನು ಮೂರು ಥರ ಮಾಡಿದ್ದರು: ವಿಚಾರಗಳನ್ನು ನಿಭಾಯಿಸುವುದು, ಯಂತ್ರ–ವಸ್ತುಗಳನ್ನು ನಿಭಾಯಿಸುವುದು, ಜನರನ್ನು ನಿಭಾಯಿಸುವುದು. ಒಂದರಲ್ಲಿ ಗಟ್ಟಿ ಇದ್ದವರು ಇನ್ನೊಂದರಲ್ಲಿ ಸಾಧಾರಣ ಇರಬಹುದು. ನಿಮ್ಮ ಸಾವ್ಕಾರ್ರು ಹೇಳಿದ್ದೂ ಅದನ್ನೇ, ಐದು ಪದದಲ್ಲಿ. ನಮ್ಮ ಅಜ್ಜಿಯರ ಮಾತು ಇನ್ನೂ ಚೆನ್ನಾಗಿದೆ. 'ಅವನಿಗೆ ಸೂಕ್ಷ್ಮ ತಿಳಿಯಲ್ಲ', 'ಹೊತ್ತು ಗೊತ್ತು ನೋಡಿ ಮಾತಾಡು' ಅಂತಿದ್ದರು. ನನಗೆ ಆ ಎರಡನೆಯದು ಬಹಳ ಇಷ್ಟ, ಯಾಕೆಂದರೆ ಅದರಲ್ಲಿ ಬುದ್ಧಿಯ ಸುದ್ದಿಯೇ ಇಲ್ಲ. ಹೊತ್ತು ಇದೆ, ನೋಡುವುದು ಇದೆ.

ಎದುರಿನವರ ತಲೆಯಲ್ಲಿ ನಮಗಿಂತ ಬೇರೆಯದು ಇರಬಹುದು ಅನ್ನುವ ತಿಳಿವಳಿಕೆ ಇದೆಯಲ್ಲ, ಅದು ಹೆಚ್ಚಿನ ಮಕ್ಕಳಿಗೆ ನಾಲ್ಕೈದು ವರ್ಷಕ್ಕೇ ಬರುತ್ತೆ. 1983ರಲ್ಲಿ ವಿಮ್ಮರ್, ಪೆರ್ನರ್ ಎಂಬ ಇಬ್ಬರು ಮಕ್ಕಳಿಗೆ ಒಂದು ಕತೆ ಹೇಳಿದರು. ಹುಡುಗ ಒಂದು ಕಪಾಟಿನಲ್ಲಿ ಚಾಕೊಲೇಟ್ ಇಟ್ಟು ಆಡಲು ಹೋಗುತ್ತಾನೆ. ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಎತ್ತಿಡುತ್ತಾಳೆ. ಹುಡುಗ ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು 'ಅಮ್ಮ ಇಟ್ಟ ಕಡೆ' ಅಂತಾರೆ, ತಮಗೆ ಗೊತ್ತಿರುವುದು ಅವನಿಗೂ ಗೊತ್ತು ಅಂತ. ಸ್ವಲ್ಪ ದೊಡ್ಡವರು 'ಪಾಪ, ಅವನು ಹಳೇ ಕಡೆನೇ ಹುಡುಕ್ತಾನೆ' ಅಂತಾರೆ. ಆ ಪಾಪ ಅನ್ನುವ ಶಕ್ತಿ ನಿಮಗೂ ಬಂದಿದೆ. ಅದು ಇಲ್ಲದಿದ್ದರೆ ನನಗೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ಈಗ ಒಂದು ಪ್ರಶ್ನೆ ನಾನು ಕೇಳುತ್ತೇನೆ. ನಿಮ್ಮ ಸಾವ್ಕಾರ್ರು ಬೆಳಿಗ್ಗೆ ಮಂಡಿಗೆ ಬರುತ್ತಾರೆ. ಗಾದಿ ಮೇಲೆ ಕುಂತು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಇವತ್ತು ಅವರ ಮೂಡ್ ಹೇಗಿದೆ ಅಂತ ನಿಮಗೆ ಗೊತ್ತಾಗುತ್ತಾ ಇಲ್ವಾ? ರಜೆ ಕೇಳಬಹುದಾ, ಇವತ್ತು ಬೇಡವಾ ಅಂತ? ಖಂಡಿತ ಗೊತ್ತಾಗುತ್ತೆ. ಅಂದರೆ ನಿಮಗೆ ಜನ ಬರುತ್ತೆ. ಮೇಲಿನವರು ಬರುತ್ತಾರೆ. ಕೌಂಟರಿನ ಆಚೆ ನಿಂತು ನಿಮ್ಮ ಕೈಯಿಂದ ದುಡ್ಡು ಬರಲಿ ಅಂತ ಕಾಯುವ ರೈತರು ಬರಲ್ಲ, ಮನೆಯಲ್ಲಿ ಹೆಂಡತಿ ಬರಲ್ಲ.

ಬೈಯ್ಯುತ್ತಿಲ್ಲ, ಇದು ನಿಮ್ಮೊಬ್ಬರ ಕತೆ ಅಲ್ಲ. ಸೂಸನ್ ಫಿಸ್ಕ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲಿ ಇದನ್ನೇ ಬಿಡಿಸಿ ಬರೆದರು. ನಮ್ಮ ಒಳ್ಳೇದು ಕೆಟ್ಟದ್ದು ಯಾರ ಕೈಯಲ್ಲಿದೆಯೋ ಅವರನ್ನು ನಾವು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇವೆ. ನಮ್ಮ ಕೈಯಲ್ಲಿ ಯಾರ ಕೆಲಸ ಇದೆಯೋ ಅವರನ್ನು ಮೇಲೆ ಮೇಲೆ ನೋಡಿ ಬಿಡುತ್ತೇವೆ. ಸೊಸೆಗೆ ಅತ್ತೆಯ ಹೆಜ್ಜೆ ಸಪ್ಪಳದಲ್ಲೇ ಎಲ್ಲ ತಿಳಿಯುತ್ತೆ, ಅತ್ತೆಗೆ ಸೊಸೆಯ ಜ್ವರ ಮೂರನೇ ದಿನ ತಿಳಿಯುತ್ತೆ. ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಗಳನ್ನು ಕೇಳಿ ನೋಡಿ, ಇಡೀ ಸಾಲಿನ ಎಲ್ಲ ಅಂಗಡಿ ಸಾವ್ಕಾರ್ರ ಸ್ವಭಾವ ಬಾಯಿಪಾಠ ಹೇಳುತ್ತಾರೆ. ಅವರು ಯಾವ ಕೋರ್ಸೂ ಮಾಡಿಲ್ಲ.

ಹಾಗಾಗಿ ಹೊಸದಾಗಿ ಏನೋ ಶಕ್ತಿ ಬೆಳೆಸಿಕೊಳ್ಳಬೇಕಿಲ್ಲ. ಇರುವ ಕಣ್ಣನ್ನು ಆ ಕಡೆಯಿಂದ ಈ ಕಡೆಗೂ ತಿರುಗಿಸಬೇಕು. ಅದು ಸುಲಭ ಅಂತ ಹೇಳಲ್ಲ. ಅದಕ್ಕೆ ಅಡ್ಡ ಬರುವುದು ಅವಸರ.

ಅವಸರದ ಬಗ್ಗೆ ಒಂದು ಹಳೇ ಪ್ರಯೋಗ ಇದೆ, ನನ್ನ ಹತ್ತಿರ ಬರುವವರಿಗೆಲ್ಲ ಹೇಳುತ್ತೇನೆ. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು 1973ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಸಣ್ಣ ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯ ಬೈಬಲ್ಲಿನ ಒಂದು ಕತೆ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಪುಣ್ಯಾತ್ಮನದು. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕುಂತು ಕೆಮ್ಮುತ್ತಾ ನರಳುತ್ತಿದ್ದ, ಅವನನ್ನು ಪ್ರಯೋಗ ಮಾಡಿದವರೇ ಕೂರಿಸಿದ್ದು. ಸಮಯ ಇದೆ ಅಂತ ಹೇಳಿ ಕಳಿಸಿದವರಲ್ಲಿ ಶೇ 63 ಜನ ಏನಾದರೂ ಸಹಾಯ ಮಾಡಿದರು. ತಡ ಆಗಿಹೋಗಿದೆ, ಓಡಿ ಅಂದವರಲ್ಲಿ ಶೇ 10. ಆ ಪುಣ್ಯಾತ್ಮನ ಬಗ್ಗೆಯೇ ಭಾಷಣ ಮಾಡಲು ಹೊರಟವರೂ ಕೆಲವರು ನರಳುವವನನ್ನು ದಾಟಿಕೊಂಡೇ ಹೋದರು. ಇವರು ಕಲ್ಲು ಹೃದಯದವರಲ್ಲ. ತಡ ಆಗಿತ್ತು, ಅಷ್ಟೇ.

ಈಗ ನಿಮ್ಮ ದೀಪಾವಳಿ ಸೀಜನ್ ನೆನಪು ಮಾಡಿಕೊಳ್ಳಿ. ಯಾರ್ಡ್ ತುಂಬಾ ಮೆಕ್ಕೆಜೋಳದ ರಾಶಿ. ಹೊರಗೆ ಲಾರಿ ಹಾರ್ನ್. ತೇವಾಂಶ ಶೇ 14 ದಾಟಿದೆ ಅಂತ ಬೆಲೆ ಇಳಿಸಿದ್ದಕ್ಕೆ ಒಬ್ಬರ ಜಗಳ, ತೂಕದ ಚೀಟಿ ಸಿಗುತ್ತಿಲ್ಲ ಅಂತ ಇನ್ನೊಬ್ಬರ ಕೂಗು, ನಡುವೆ ನೀವು ನೋಟು ಎಣಿಸುತ್ತಾ, ತಲೆ ಎತ್ತದೆ, ಪರಿಚಯದ ದನಿ ಕೇಳಿತಲ್ಲ ಅಂತ ಪ್ರೀತಿಯಿಂದಲೇ ಒಂದು ಮಾತು ಅಂದಿರಿ. ಮಾತಿನಲ್ಲಿ ತಪ್ಪಿರಲಿಲ್ಲ. ಹೊತ್ತಿನಲ್ಲಿ ಇತ್ತು, ತಲೆ ಎತ್ತದೇ ಇದ್ದುದರಲ್ಲಿ ಇತ್ತು. ತಲೆ ಎತ್ತಿದ್ದರೆ ಏನು ಕಾಣುತ್ತಿತ್ತೋ ನನಗೆ ಗೊತ್ತಿಲ್ಲ, ಆದರೆ ನನ್ನ ಕತೆ ಗೊತ್ತಿದೆ.

ಹೇಳಿಬಿಡುತ್ತೇನೆ, ಸಲಹೆ ಕೊಡುವವರೆಲ್ಲ ಸರಿ ಇರುತ್ತಾರೆ ಅಂತ ನೀವು ಅಂದುಕೊಳ್ಳಬಾರದು. ನಾನು ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇನೆ. ಅಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಜೊತೆಗೆ ಅವರ ಮನೆಯವರು, ದಿನಾ ಎದುರು ಸಿಗುತ್ತಿದ್ದರು. ಹೆಸರು ಗೊತ್ತಿಲ್ಲ, ನಗು ಗೊತ್ತು. ಒಂದು ದಿನ ಮೇಷ್ಟ್ರು ಒಬ್ಬರೇ ಬಂದರು. ನಾನು ದೂರದಿಂದಲೇ ಜೋರಾಗಿ "ಏನ್ ಸಾರ್, ಅಕ್ಕಾರು ಇವತ್ತು ಚಕ್ಕರ್ರಾ?" ಅಂದೆ. ಅವರು ನಿಂತರು. "ಐಸಿಯುನಲ್ಲಿ ಇದಾಳಮ್ಮ, ಮೂರು ದಿನ ಆಯ್ತು. ಒಳಗೆ ಬಿಡೋದು ಹತ್ತು ಗಂಟೆಗೆ. ಮನೇಲಿ ಇರೋಕಾಗಲ್ಲ, ಅದಕ್ಕೆ ಬಂದೆ" ಅಂದರು. ಆಗ ನಾನು ಈ ಕೆಲಸ ಶುರು ಮಾಡಿ ಹನ್ನೊಂದು ವರ್ಷ. ಆಮೇಲೆ ಯೋಚನೆ ಮಾಡಿದರೆ ಎಲ್ಲ ಕಣ್ಣಿಗೆ ಬಿದ್ದಿತ್ತು. ಮೇಷ್ಟ್ರು ಶೂ ಹಾಕಿರಲಿಲ್ಲ, ಮನೆ ಚಪ್ಪಲಿ. ಗಡ್ಡ ಬಂದಿತ್ತು. ನಡೆಯುತ್ತಿರಲಿಲ್ಲ, ಸುಮ್ನೆ ಕಾಲು ಎಳೆಯುತ್ತಿದ್ದರು. ಕಂಡಿತ್ತು, ಆದರೆ ನೋಡಿರಲಿಲ್ಲ, ಯಾಕೆಂದರೆ ನನ್ನ ಬಾಯಲ್ಲಿ ಜೋಕ್ ರೆಡಿ ಇತ್ತು.

ಆ ರೆಡಿ ಇರುವ ಮಾತೇ ನಮ್ಮ ದೊಡ್ಡ ಶತ್ರು. ಮದುವೆ ಊಟ ಯಾವಾಗ, ಸಿಹಿ ಸುದ್ದಿ ಏನಿಲ್ವಾ, ಮಗನಿಗೆ ಕೆಲಸ ಸಿಕ್ತಾ, ಎಷ್ಟು ಪರ್ಸೆಂಟು ಬಂತು, ಸ್ವಲ್ಪ ದಪ್ಪ ಆಗಿದೀರಲ್ಲ. ಇವೆಲ್ಲ ಪ್ರಶ್ನೆಯ ವೇಷ ಹಾಕಿಕೊಂಡ ನಮಸ್ಕಾರಗಳು. ಕೇಳುವವರಿಗೆ ಉತ್ತರ ಬೇಕಾಗಿರಲ್ಲ, ಸಲಿಗೆ ತೋರಿಸಬೇಕಿರುತ್ತೆ. ಕೇಳಿಸಿಕೊಂಡವರು ಮಾತ್ರ ನಾಲ್ಕು ಜನರ ಮುಂದೆ ಉತ್ತರ ಕೊಡಬೇಕು. ನನ್ನದೊಂದು ಕಟ್ಟುನಿಟ್ಟು ಇದೆ, ಬೇಕಾದರೆ ತಗೊಳ್ಳಿ: ಉತ್ತರ ಕೆಟ್ಟದ್ದೂ ಇರಬಹುದಾದ ಪ್ರಶ್ನೆಯನ್ನು ಮೂರನೆಯವರ ಮುಂದೆ ಕೇಳಲ್ಲ. ಮಂಡಿಯಲ್ಲಿ "ಊರ ಕಡೆ ಹೇಗಿದೆ ಯಜಮಾನ್ರೇ?" ಅನ್ನಿ. ಆ ಪ್ರಶ್ನೆಗೆ ಅವರು ಮಳೆ ಬಗ್ಗೆ ಹೇಳಬಹುದು, ಬೋರ್‌ವೆಲ್ ಬಗ್ಗೆ ಹೇಳಬಹುದು, ಮನಸ್ಸಿದ್ದರೆ ಮಗಳ ವಿಷಯವನ್ನೂ ಹೇಳಬಹುದು. ಎಷ್ಟು ಬಾಗಿಲು ತೆಗೆಯಬೇಕು ಅನ್ನುವುದು ಅವರ ಕೈಯಲ್ಲಿ ಇರುತ್ತೆ.

ಈಗ ಮನೆಗೆ ಬರೋಣ, 'ಏನಿಲ್ಲ'ದ ಹತ್ತಿರ.

ನಿಮಗೆ ಯಾರೋ ಹೇಳಿರುತ್ತಾರೆ, 'ಅವರ ಜಾಗದಲ್ಲಿ ನಿಂತು ಯೋಚಿಸು' ಅಂತ. ಒಳ್ಳೇ ಮಾತು, ಆದರೆ ಅಂದುಕೊಂಡಷ್ಟು ಕೆಲಸ ಮಾಡಲ್ಲ. ಎಯಾಲ್, ಸ್ಟೆಫಲ್, ಎಪ್ಲಿ ಎಂಬ ಮೂವರು 2018ರಲ್ಲಿ 25 ಪ್ರಯೋಗಗಳನ್ನು ಪ್ರಕಟಿಸಿದರು. ಇನ್ನೊಬ್ಬರ ಜಾಗದಲ್ಲಿ ನಿಂತು ಊಹಿಸಿದರೆ ಊಹೆ ಹೆಚ್ಚು ಸರಿಯಾಗುತ್ತಾ ಅಂತ ನೋಡಲು. ಆಗಲ್ಲ. ಒಟ್ಟಿಗೆ ಬಾಳುವ ಜೋಡಿಗಳಲ್ಲೂ ಆಗಲಿಲ್ಲ. ಸರಿಯಾದದ್ದು ಯಾವಾಗ ಅಂದರೆ ಬಾಯಿ ಬಿಟ್ಟು ಕೇಳಿ ತಿಳಿದುಕೊಂಡಾಗ. ಅವರ ಜಾಗದಲ್ಲಿ ನಿಂತೆ ಅಂತ ನಾವು ಅಂದುಕೊಂಡಾಗ ನಿಜವಾಗಿ ಏನಾಗುತ್ತೆ ಗೊತ್ತಾ, ನಮ್ಮನ್ನೇ ಎತ್ತಿ ಅವರ ಜಾಗದಲ್ಲಿ ಇಟ್ಟಿರುತ್ತೇವೆ. ನಾನಾಗಿದ್ದರೆ ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಅಂತ ಅನ್ನಿಸುತ್ತೆ. ನೀವು ಅವರಲ್ಲವಲ್ಲ.

"ನಾನು ಕೇಳಿದೆ ಮೇಡಂ, ಏನಿಲ್ಲ ಅಂದಳು" ಅಂತೀರಿ. ಎಲ್ಲಿ ಕೇಳಿದಿರಿ? ಇದನ್ನು ನೀವು ಪತ್ರದಲ್ಲಿ ಬರೆದಿಲ್ಲ, ಆದರೆ ನನ್ನ ಹತ್ತಿರ ಬರುವ ಗಂಡಸರಲ್ಲಿ ಹೆಚ್ಚಿನವರು ಕೇಳುವುದು ಒಂದೋ ಅಡುಗೆಮನೆ ಬಾಗಿಲಲ್ಲಿ ನಿಂತು, ಅಲ್ಲೇ ನಡುಮನೆಯಲ್ಲಿ ತಾಯಿ ಟಿವಿ ನೋಡುತ್ತಿರುವಾಗ, ಇಲ್ಲಾ ಬೈಕ್ ಕೀ ಕೈಯಲ್ಲಿ ಹಿಡಿದು ಹೊರಡುವಾಗ. ಅಲ್ಲಿ ಯಾರಾದರೂ 'ಏನಿಲ್ಲ' ಅನ್ನದೆ ಇನ್ನೇನು ಅನ್ನಬೇಕು? ನಮ್ಮ ಕಡೆಯ 'ಏನಿಲ್ಲ'ಕ್ಕೆ ಕಡಿಮೆ ಅಂದರೂ ನಾಲ್ಕು ಅರ್ಥ. ಇಲ್ಲಿ ಬೇಡ ಅನ್ನೋದು ಒಂದು. ಈಗ ಬೇಡ ಅನ್ನೋದು ಇನ್ನೊಂದು. ಹೋದ ಸಲ ಹೇಳಿದಾಗ ನೀವು ಏನು ಮಾಡಿದಿರಿ ನೆನಪಿದೆ, ಅದಕ್ಕೇ ಹೇಳಲ್ಲ ಅನ್ನೋದು ಮೂರನೆಯದು. ನಿಜವಾಗಿಯೂ ಏನೂ ಇಲ್ಲ, ಸುಸ್ತಾಗಿದೆ, ಸುಮ್ನೆ ಬಿಡಿ ಅನ್ನೋದೂ ಉಂಟು. ಇದರಲ್ಲಿ ಯಾವುದು ಅಂತ ಮುಖ ನೋಡಿ ಹೇಳಲು ನನ್ನಿಂದಲೂ ಆಗಲ್ಲ.

ನಮ್ಮ ಮಾತೇ ಹೀಗೆ. 'ನೋಡೋಣ' ಅಂದರೆ ಬಹಳ ಸಲ ಆಗಲ್ಲ ಅಂತ. 'ಬರ್ತೀನಿ' ಅಂದರೆ ಹೋಗ್ತೀನಿ ಅಂತ. ಪಂಕ್ತಿಯಲ್ಲಿ ಮೊದಲನೇ 'ಬೇಡ' ಮರ್ಯಾದೆಗೆ, ಎರಡನೆಯದು ಅರ್ಧ ಬೇಡ, ಎಲೆಗೆ ಕೈ ಅಡ್ಡ ಇಟ್ಟರೆ ಅದು ನಿಜವಾದ ಬೇಡ. ಇದು ಮೋಸ ಅಲ್ಲ. ಎದುರಿನವರಿಗೆ ಮುಖಕ್ಕೆ ಹೊಡೆದ ಹಾಗೆ ಆಗಬಾರದು ಅಂತ ಬಂದ ರೂಢಿ. ಆದರೆ ಲೆಕ್ಕದವರಿಗೆ ಕಷ್ಟ, ಯಾಕೆಂದರೆ ನಿಮಗೆ 'ಬೇಡ' ಅಂದರೆ ಸೊನ್ನೆ. ಎಂಟ್ರಿ ಮುಗೀತು.

ಇದಕ್ಕೇ ದೋಸೆ ಹೋಟೆಲಿಗೆ ಹೋಗಿ ಅಂದದ್ದು. ಒಂದು ಬೆಣ್ಣೆ ದೋಸೆ ಆದ ಮೇಲೆ "ಇನ್ನೊಂದು ಹೇಳ್ಲಾ?" ಅಂತೀರಿ, ಅವರು "ಸಾಕು" ಅಂತಾರೆ. ಅಲ್ಲಿಗೆ ಬಿಲ್ ಕೇಳಬೇಡಿ. ಹಾಗಂತ ಬಲವಂತವೂ ಬೇಡ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ: "ನನಗೆ ಇನ್ನೊಂದು ಪೂರ್ತಿ ಆಗಲ್ಲ, ಅರ್ಧ ಅರ್ಧ ಮಾಡೋಣ್ವಾ, ಅಥವಾ ನಿಜವಾಗ್ಲೂ ಹೊಟ್ಟೆ ತುಂಬಿದೆಯಾ?" ಎರಡಕ್ಕೂ ಹೂಂ ಅನ್ನಬಹುದು, ಯಾವುದಕ್ಕೂ ನಾಚಿಕೆ ಪಡಬೇಕಿಲ್ಲ. ಇಷ್ಟೇ ವಿದ್ಯೆ. ದೋಸೆಯ ಮೇಲೆ ಅಭ್ಯಾಸ ಮಾಡಿ ಅಂತ ಯಾಕೆ ಅಂದರೆ, ತಪ್ಪಿದರೂ ಹೋಗೋದು ಅರ್ಧ ದೋಸೆ.

ಮನೆಯಲ್ಲಿ ಇದೇ ವಿದ್ಯೆ ಹೀಗೆ ಬಳಸಿ. ರಾತ್ರಿ ಕೆಲಸ ಮುಗಿದ ಮೇಲೆ, ಮಹಡಿ ಮೇಲೆ ಬಟ್ಟೆ ತೆಗೆಯಲು ಹೋದಾಗ ನೀವೂ ಹೋಗಿ. 'ಏನಾಯ್ತು?' ಅನ್ನಬೇಡಿ, ಅದು ಪೊಲೀಸ್ ಸ್ಟೇಷನ್ನಿನ ಪ್ರಶ್ನೆ. ಕಂಡದ್ದನ್ನು ಹೇಳಿ: "ಬೆಳಿಗ್ಗೆಯಿಂದ ನೀನು ಸರಿಯಾಗಿ ಊಟ ಮಾಡಿಲ್ಲ. ನನ್ನಿಂದ ಏನಾದ್ರೂ ಆಯ್ತಾ, ಬೇರೆ ವಿಷಯನಾ, ಇಲ್ಲಾ ಈಗ ಮಾತಾಡೋದೇ ಬೇಡ್ವಾ?" ಕೇಳಿ ಸುಮ್ಮನಿರಿ. ಇಲ್ಲಿ ಒಂದು ವಿಚಿತ್ರ ಸಂಗತಿ ಹೇಳಬೇಕು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿದರು. ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಹತ್ತೂ ಭಾಷೆ ಸೇರಿಸಿ ನೋಡಿದರೆ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಅಷ್ಟು ಬೇಗ! ಅದಕ್ಕೇ ಎರಡು ಸೆಕೆಂಡ್ ಮೌನ ಆದರೆ ನಮಗೆ ಎರಡು ನಿಮಿಷ ಅನ್ನಿಸಿ, ನಾವೇ ಬಾಯಿ ಹಾಕಿ, ಕಾರಣವನ್ನೂ ನಾವೇ ಹೇಳಿ, ಪರಿಹಾರವನ್ನೂ ನಾವೇ ಕೊಟ್ಟು ಕೆಳಗೆ ಇಳಿದು ಬರುತ್ತೇವೆ. ಬಟ್ಟೆ ಮಡಚುತ್ತಾ ಇರಿ. ಕೈಗೆ ಕೆಲಸ ಇದ್ದರೆ ಮೌನ ಭಾರ ಅನ್ನಿಸಲ್ಲ. ಅವರು ಏನಾದರೂ ಹೇಳಿದರೆ ಆ ದಿನಕ್ಕೆ ಪರಿಹಾರ ಹೇಳಬೇಡಿ, ಅದೊಂದು ಶಿಸ್ತು ಇಟ್ಟುಕೊಳ್ಳಿ. ಏನೂ ಹೇಳದಿದ್ದರೆ "ಸರಿ, ಹೇಳಬೇಕು ಅನ್ನಿಸಿದಾಗ ಹೇಳು" ಅಂತ ಅಂದು, ನಾಳೆ ಅದೇ ವಿಷಯಕ್ಕೆ ಮುಖ ಊದಿಸಿಕೊಳ್ಳದೆ ಇರಿ. ಮೂರನೇ ಥರದ 'ಏನಿಲ್ಲ' ಇದೆಯಲ್ಲ, ಹೋದ ಸಲದ ನೆನಪಿನದು, ಅದು ಕರಗಲು ತಿಂಗಳುಗಳೇ ಬೇಕು.

ನಿಮ್ಮ ಅಭ್ಯಾಸಕ್ಕೆ ಹೊಂದುವ ಒಂದು ಕೆಲಸ ಕೊಡುತ್ತೇನೆ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಖಾತೆ ಥರ ಗೆರೆ ಎಳೆಯಿರಿ. ಎಡಗಡೆ ಮೊದಲ ಕಾಲಂ 'ಕಂಡದ್ದು', ಎರಡನೇ ಕಾಲಂ 'ಅಂದುಕೊಂಡದ್ದು'. ಬಲಗಡೆ ಪುಟ ಪೂರ್ತಿ 'ತಿಳಿದದ್ದು'. ದಿನಕ್ಕೆ ಒಂದೇ ಎಂಟ್ರಿ, ಜಾಸ್ತಿ ಬೇಡ. 'ಆ ರೈತರು ಸಿಟ್ಟಾಗಿದ್ದರು' ಅಂತ ಮೊದಲ ಕಾಲಂನಲ್ಲಿ ಬರೆದರೆ ಅದು ತಪ್ಪು ಎಂಟ್ರಿ, ಸಿಟ್ಟು ಕಣ್ಣಿಗೆ ಕಾಣಲ್ಲ. 'ಚೀಟಿ ಕಿತ್ತುಕೊಂಡ ಹಾಗೆ ತಗೊಂಡರು, ಎಣಿಸದೆ ಜೇಬಿಗೆ ಹಾಕಿದರು' ಅನ್ನೋದು ಕಂಡದ್ದು. ಸಿಟ್ಟು ಅನ್ನೋದು ಎರಡನೇ ಕಾಲಂಗೆ ಹೋಗಬೇಕು. ಬಸ್ಸಿಗೆ ಹೊತ್ತಾಗಿತ್ತು ಅಂತ ಆಮೇಲೆ ಗೊತ್ತಾದರೆ ಅದು ಬಲಗಡೆಗೆ. ಬಲಗಡೆ ಖಾಲಿ ಇದ್ದರೆ ಆ ಖಾತೆ ಇನ್ನೂ ಬಾಕಿ. ಬಾಕಿ ಇರುವ ಖಾತೆಯ ಮೇಲೆ ಯಾರ ಬಗ್ಗೆಯೂ ತೀರ್ಮಾನ ಮಾಡುವ ಹಾಗಿಲ್ಲ. ಇದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಈ ಕೆಲಸ ಕೊಟ್ಟವರಲ್ಲಿ ನಾನು ನೋಡಿರುವುದು ಏನೆಂದರೆ, ಎರಡು ವಾರ ಎರಡನೇ ಕಾಲಂನಲ್ಲಿ ಎಲ್ಲ 'ನನ್ನ ಮೇಲೆ ಸಿಟ್ಟು', 'ನನ್ನನ್ನು ಕಂಡರೆ ಆಗಲ್ಲ' ಅಂತಲೇ ಇರುತ್ತೆ. ಬಲಗಡೆ ಮಾತ್ರ ಹಲ್ಲುನೋವು, ಫೀಸು, ನಿದ್ದೆ ಇಲ್ಲ, ಸಾಲದ ಕಂತು. ನಮ್ಮ ಸುದ್ದಿಯೇ ಇರಲ್ಲ.

ಇದೇ ಸಾಲಿಗೆ ಸೇರುವ ಇನ್ನೊಂದು ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ವಿದ್ಯಾರ್ಥಿಗಳಿಗೆ ನಾಚಿಕೆ ಆಗುವಂಥ ಚಿತ್ರ ಇರುವ ಟೀ ಶರ್ಟ್ ಹಾಕಿಸಿ ಒಂದು ಕೋಣೆಗೆ ಕಳಿಸಿದರು. ಹಾಕಿಕೊಂಡವರು ಹತ್ತಿರ ಹತ್ತಿರ ಅರ್ಧ ಜನ ಗಮನಿಸಿರುತ್ತಾರೆ ಅಂದುಕೊಂಡರು. ಗಮನಿಸಿದ್ದು ಕಾಲು ಭಾಗಕ್ಕೂ ಕಡಿಮೆ. ನಿಮ್ಮ ಹಳೇ ಎಡವಟ್ಟುಗಳಲ್ಲಿ ಬಹುಪಾಲು ನಿಮಗೆ ಮಾತ್ರ ನೆನಪಿವೆ, ಬಿಟ್ಟುಬಿಡಿ.

ಆದರೆ ಜಗಳೂರಿನ ಯಜಮಾನ್ರದು ಹಾಗಲ್ಲ, ಅದು ಅವರಿಗೆ ನೆನಪಿರುತ್ತೆ. ಅದನ್ನು ಸರಿ ಮಾಡಬೇಕು, ಮಾಡಬಹುದು. ಫೋನ್ ಬೇಡ, ವಾಟ್ಸ್ಯಾಪ್ ಅಂತೂ ಬೇಡವೇ ಬೇಡ. ಮುಂದಿನ ಸಲ ಮಾಲು ತಂದಾಗ ಗಾದಿ ಹತ್ತಿರ ಬಾಯಿ ಬಿಡಬೇಡಿ. ಅವರು ಹೊರಗೆ ಟೀಗೆ ಹೋದಾಗ ಜೊತೆಗೆ ಹೋಗಿ. "ಯಜಮಾನ್ರೇ, ಹೋದ ಸಲ ಎಲ್ಲರ ಮುಂದೆ ಹಾಗೆ ಕೇಳಬಾರದಿತ್ತು, ತಪ್ಪಾಯ್ತು." ಅಲ್ಲಿಗೆ ನಿಲ್ಲಿಸಿ. 'ನನಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ, ಸೀಜನ್ ರಶ್ ಇತ್ತು' ಅಂತ ಶುರು ಮಾಡಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ಮೇಲೆ ಬೀಳುತ್ತೆ. 'ಹುಡುಗ ಏನು ಮಾಡ್ತಿದ್ದ, ಯಾಕೆ ಮುರೀತು' ಅಂತಲೂ ಕೇಳಬೇಡಿ. ಅವರು "ಏ ಬಿಡಪ್ಪ, ನಿನಗೇನು ಗೊತ್ತು" ಅನ್ನಬಹುದು. ಅಂದರೆ ಸರಿ ಅಂದು ಮಂಡಕ್ಕಿ ಮೆಣಸಿನಕಾಯಿ ಹೇಳಿ. ಮೇಷ್ಟ್ರ ಹತ್ತಿರ ನಾನೂ ಮರುದಿನ ಇಷ್ಟೇ ಮಾಡಿದ್ದು. ಕ್ಷಮೆ ಕೇಳಿ, ಜೊತೆಗೆ ಒಂದು ಸುತ್ತು ಸುಮ್ನೆ ನಡೆದೆ. ಅವರೇ ಮಾತಾಡಿದರು. ಅಕ್ಕಾರು ಎರಡು ತಿಂಗಳ ಮೇಲೆ ಕೋಲು ಹಿಡಿದು ವಾಕಿಂಗ್‌ಗೆ ಬಂದರು, ನನ್ನನ್ನು ನೋಡಿ "ಚಕ್ಕರ್ ಹಾಕಿಲ್ಲಮ್ಮ ಇವತ್ತು" ಅಂದರು. ಹೇಳಿಬಿಟ್ಟಿದ್ದಾರೆ ಮೇಷ್ಟ್ರು!

ಒಂದು ಎಚ್ಚರಿಕೆ. ನಿಮ್ಮ ಜಾಗದಲ್ಲಿ ಕುಂತವರಿಗೆ ಹೇಳಲೇಬೇಕು. ಜನರನ್ನು ಓದುವುದರಲ್ಲಿ ಬಹಳ ಚುರುಕಾದವರು ಯಾರು ಗೊತ್ತಾ? ಮೋಸ ಮಾಡುವವರು. ರೈತನಿಗೆ ಇವತ್ತೇ ದುಡ್ಡು ಬೇಕು, ಆಸ್ಪತ್ರೆಗೆ ಕಟ್ಟಬೇಕು ಅನ್ನೋದು ಅವನ ಮುಖದಲ್ಲೇ ತಿಳಿದುಕೊಂಡು ಕ್ವಿಂಟಲ್‌ಗೆ ನೂರು ಇಳಿಸುವವನಿಗೂ ಜನ ಚೆನ್ನಾಗಿಯೇ ಬರುತ್ತೆ. ಮೂವತ್ತು ವರ್ಷ ಮಂಡಿಗೆ ಬಂದ ರೈತರಿಗೆ ಎಂಥ ಗುಮಾಸ್ತ ಬೇಕು ಅಂತ ನನ್ನನ್ನು ಕೇಳಿದರೆ, ಮುಖ ಓದುವವನಿಗಿಂತ ಪೈಸೆ ತಪ್ಪದವನೇ ಮೊದಲು ಅನ್ನುತ್ತೇನೆ. ಅದು ನಿಮ್ಮ ಹತ್ತಿರ ಆಗಲೇ ಇದೆ. ನಿಮ್ಮ ಸಾವ್ಕಾರ್ರು ಆ ಮಾತನ್ನು ಅರ್ಧ ಹೊಗಳಿಕೆಯಾಗಿಯೇ ಹೇಳಿರಬಹುದು. ಇದೂ ಅಂದುಕೊಂಡದ್ದು ಬಿಡಿ, ನೋಟ್‌ಬುಕ್ಕಿನ ಎರಡನೇ ಕಾಲಂಗೆ.

ಇನ್ನೊಂದೇ ವಿಷಯ. ಚಿಕ್ಕಂದಿನಿಂದಲೂ ಹೀಗೇ ಇದ್ದು, ಗದ್ದಲ, ಜಾತ್ರೆ, ಮದುವೆಮನೆಯ ಸದ್ದು ತಡೆಯಲಾಗದೆ, ತಮಾಷೆ ಯಾವುದು ನಿಜ ಯಾವುದು ಅಂತಲೇ ಗೊತ್ತಾಗದೆ ಸುಸ್ತಾಗುತ್ತಿದ್ದರೆ, ಅದು ಒರಟುತನ ಅಲ್ಲ, ಕೆಲವರ ಮಿದುಳು ಕೆಲಸ ಮಾಡುವ ರೀತಿಯೇ ಬೇರೆ. ಒಮ್ಮೆ ಮನೋವೈದ್ಯರನ್ನು ಇಲ್ಲಾ ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಡಿ. ಜನರ ಮುಂದೆ ಹೋಗಲು ಎದೆ ಹೊಡೆದುಕೊಳ್ಳುವಷ್ಟು ಭಯ ಇದ್ದರೂ ಅಷ್ಟೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಿಮ್ಮ ಪತ್ರ ನೋಡಿದರೆ ಹಾಗೆ ಅನ್ನಿಸಲಿಲ್ಲ. ಆದರೆ ನಾನು ನಿಮ್ಮನ್ನು ನೋಡಿಲ್ಲ, ಪತ್ರ ನೋಡಿದ್ದೇನೆ.

ಈ ಸೀಜನ್ ಮುಗಿಯುವವರೆಗೆ ನೋಟ್‌ಬುಕ್ ಬಿಡಬೇಡಿ. ಮುಗಿದ ಮೇಲೆ ಎರ‍ಡು ಪುಟದ ಫೋಟೊ ಕಳಿಸಿ, ಹೆಸರು ಇದ್ದ ಕಡೆ ಮಸಿ ಬಳಿದು. ಮನೆಯವರ ಬಗ್ಗೆ ಬರೆದ ಪುಟ ಮಾತ್ರ ನನಗೆ ಬೇಡ. ಅದನ್ನು ಅವರಿಗೇ ತೋರಿಸಿ, ಬಲಗಡೆ ಪುಟ ಅವರೇ ತುಂಬಲಿ.